ಬಚ್ಚಲ ನೀರಿನ ಭತ್ತ

ವರ್ಷಕ್ಕೊಂದು ಬೆಳಿಗ್ಗೆ ವಿದ್ಯಾನಗರದ ನಮ್ಮ ಬೀದಿಯವರಿಗೆ ನನ್ನ ತಲೆ ಕೆಟ್ಟಿದೆಯೇನೋ ಎಂಬ ಅನುಮಾನ ಬರುತ್ತದೆ. ಶೀಗಿ ಹುಣ್ಣಿಮೆಯ ಹಿಂದಿನ ದಿನ ನಾನು ಬಟ್ಟೆ ಚೀಲ ಹಿಡಿದು ಖಾಲಿ ಸೈಟು, ಪಾರ್ಕಿನ ಬೇಲಿ, ಚರಂಡಿಯ ದಂಡೆ ಎಲ್ಲ ಕಡೆ ಬಗ್ಗಿ ಬಗ್ಗಿ ನೋಡುತ್ತ, ಒಂದೊಂದು ಗಿಡದಿಂದ ಒಂದೊಂದೇ ಕುಡಿ ಚಿವುಟುತ್ತ ಹೋಗುತ್ತೇನೆ. ಹೋದ ವರ್ಷ ವಾಕಿಂಗ್ ಹೊರಟಿದ್ದ ಎದುರುಮನೆಯವರು ನಿಂತು, ‘ಏನ್ ಟೀಚರ್, ಶುಗರ್‌ಗೆ ಔಷಧಿನಾ?’ ಎಂದು ಕೇಳಿದರು. ಭೂಮಿತಾಯಿಯ ಸೀಮಂತದ ಅಡುಗೆಗೆ ಎಂದೆ. ಪಾಪ, ಅವರು ನಕ್ಕಂತೆ ಮಾಡಿ ಬೇಗ ಬೇಗ ನಡೆದುಬಿಟ್ಟರು. ಈ ಹುಚ್ಚು ನನಗೆ ಹತ್ತಿದ್ದು ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ, ನನಗಿನ್ನೂ ಹತ್ತು ತುಂಬದಿದ್ದಾಗ. ಹತ್ತಿಸಿದವಳು ನಮ್ಮವ್ವ. ಅವಳ ಬಗ್ಗೆ ಹೇಳದೆ ನನ್ನ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ಆ ಮನೆಯಲ್ಲಿ ಹೊತ್ತು ಹೇಳುವವರು ಇಬ್ಬರಿದ್ದರು. ಒಂದು ಕಾರ್ಖಾನೆಯ ಸೈರನ್, ಇನ್ನೊಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಅಪ್ಪನ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟುಗಳನ್ನು ಅವ್ವ ಅದೇ ಕ್ಯಾಲೆಂಡರಿನ ಚೌಕಗಳಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದಳು. ದೇವರಿಗೂ ಕಾರ್ಖಾನೆಗೂ ಜಗಳ ಬಂದರೆ ತೀರ್ಮಾನ ಅವಳದು. ಸಂಕಷ್ಟಿಯ ದಿನ ಅಪ್ಪನಿಗೆ ನೈಟ್ ಶಿಫ್ಟು ಬಿತ್ತೆನ್ನಿ, ಡಬ್ಬಿಗೆ ಊಟ ಕಟ್ಟಿ ಕೈಗೆ ಕೊಡುವಾಗ ಹೇಳುತ್ತಿದ್ದಳು.

‘ಚಂದ್ರನ್ನ ನೋಡಿ ಆಮೇಲೆ ಮುಚ್ಚಳ ತೆಗೀರಿ.’

‘ಆ ಹೊಗೇಲಿ ಚಂದ್ರ ಎಲ್ಲಿ ಕಾಣ್ತಾನೆ ಮಾರಾಯ್ತಿ?’

‘ಕಾಣೋ ತನಕ ಹಸಿವು ತಡ್ಕೊಳ್ಳಿ.’

ಅಪ್ಪ ತಡೆದುಕೊಳ್ಳುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಡಬ್ಬಿಯಂತೂ ಖಾಲಿಯಾಗಿ ಬರುತ್ತಿತ್ತು. ಶುಕ್ರವಾರ ಎಲ್ಲರಿಗೂ ಎಣ್ಣೆನೀರು, ಸೋಮವಾರ ಅಪ್ಪನಿಗೆ ಒಂದೇ ಹೊತ್ತು ಊಟ, ಅಮಾವಾಸ್ಯೆಗೆ ಹೊಸ್ತಿಲಿಗೆ ನಿಂಬೆಹಣ್ಣು. ಪಕ್ಕದ ಮನೆಯ ಸೆಲ್ವಿಯಕ್ಕನ ಕ್ಯಾಲೆಂಡರ್ ತಮಿಳಿನದು. ನಮಗೆ ಆಷಾಢವೆಂದರೆ ಯಾವ ಒಳ್ಳೆಯ ಕೆಲಸವೂ ಇಲ್ಲದ ಬರಡು ತಿಂಗಳು. ಅವರಿಗೆ ಅದೇ ಆಡಿ, ವಾರವಾರ ಅಮ್ಮನವರಿಗೆ ರಾಗಿ ಗಂಜಿಯ ನೈವೇದ್ಯ. ನಾನು ಎರಡು ಕ್ಯಾಲೆಂಡರಿನ ಪ್ರಸಾದವನ್ನೂ ತಿಂದು ಬೆಳೆದವಳು. ಇಷ್ಟೆಲ್ಲ ಇದ್ದರೂ ಅವ್ವನ ಕ್ಯಾಲೆಂಡರಿನಲ್ಲಿ ಒಂದು ಚೌಕ ಮಾತ್ರ ಖಾಲಿ ಹೋಗುತ್ತಿತ್ತು. ಶೀಗಿ ಹುಣ್ಣಿಮೆ ಬಂತೆಂದರೆ ಅವಳು ಅವತ್ತೆಲ್ಲ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಯಾಕೆಂದರೆ ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಅದು ಭೂಮಿ ಹುಣ್ಣಿಮೆ. ಗದ್ದೆಯ ಪೈರು ಆ ಹೊತ್ತಿಗೆ ಹೊಡೆಯಾಗಿರುತ್ತದೆ. ಹೊಡೆ ಅಂದರೆ ತೆನೆ ಇನ್ನೂ ಹೊರಗೆ ಬಂದಿಲ್ಲ, ದಂಟಿನೊಳಗೆ ಉಬ್ಬಿ ಕೂತಿದೆ. ಅದೇ ಪೈರಿನ ಬಸಿರು. ಬಸುರಿ ಭೂಮಿಗೆ ಬಯಕೆ ತೀರಿಸಬೇಕು. ಬೇಲಿ, ಗುಡ್ಡ, ಹಿತ್ತಲು ಸುತ್ತಿ ನೂರೊಂದು ಬಗೆಯ ಕುಡಿ ತಂದು ಬೆರಕೆ ಸೊಪ್ಪು ಬೇಯಿಸಿ, ಕಡುಬು, ಹೋಳಿಗೆ, ಬುತ್ತಿಯನ್ನ ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವಾಗ ಗದ್ದೆಗೆ ಹೋಗಬೇಕು. ಹೆಂಗಸರು ಕೊರಳಿನ ತಾಳಿ ತೆಗೆದು ಪೈರಿಗೆ ಕಟ್ಟಿ ಪೂಜೆ ಮಾಡುತ್ತಾರೆ. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ಮಾಡಿದ್ದಳಂತೆ. ಆಮೇಲೆ ಅಪ್ಪ ಕಾರ್ಖಾನೆಗೆ ಸೇರಿದ, ತನ್ನ ಪಾಲಿನ ಗದ್ದೆಯನ್ನು ಅಣ್ಣನಿಗೇ ಬಿಟ್ಟುಕೊಟ್ಟ. ಆ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಗದ್ದೆಯನ್ನು ಬೇರೆಯವರಿಗೆ ಮಾಡಲು ಕೊಟ್ಟು ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಮಾಡಿದ. ಚಿತ್ತಾರದ ಬುಟ್ಟಿ ದೊಡ್ಡಮ್ಮನ ಅಟ್ಟ ಸೇರಿತು. ಹೀಗೆ ನೆಲ ಇದ್ದವರೂ ಹಬ್ಬ ಬಿಟ್ಟರು, ಇಲ್ಲದವರೂ ಬಿಟ್ಟರು.

ನನಗಿನ್ನೂ ಹತ್ತು ತುಂಬದ ಆ ವರ್ಷ ನಾಗರಪಂಚಮಿಗೆ ನಾವು ರವೀಂದ್ರನಗರಕ್ಕೆ ಹೋಗಿದ್ದೆವು. ದೊಡ್ಡಮ್ಮ ಕೆಟ್ಟವಳಲ್ಲ. ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ತಂಬಿಟ್ಟು ಉಂಡೆ ಕಟ್ಟುತ್ತ ಅವ್ವ ಸುಮ್ಮನೆ ಒಂದು ಮಾತು ತೆಗೆದಳು, ಈ ಸಲ ಹುಣ್ಣಿಮೆಗೆ ಊರ ಗದ್ದೆಗೆ ಹೋಗಿ ಒಂದು ಎಡೆ ಇಟ್ಟು ಬರಬಹುದಾ ಎಂದು. ದೊಡ್ಡಮ್ಮ ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಇಟ್ಟಳು.

‘ಅದು ನೆಲ ಇದ್ದೋರ ಹಬ್ಬ ಸಾವಿತ್ರಿ. ನೆಲ ಬಿಟ್ಟು ಬಂದೋಳಿಗೆ ಯಾತಕ್ಕೆ? ಹೋಳಿಗೆ ತಿನ್ನೋ ಆಸೆ ಆದ್ರೆ ಯುಗಾದಿಗೆ ಮಾಡ್ಕೋ.’

ಅವ್ವನ ಮುಖ ಕೆಂಪಾದದ್ದನ್ನು ನಾನು ನೋಡಿದೆ. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಹಬ್ಬದ ದಿನ, ಅದೂ ಹಿರಿಯ ಓರಗಿತ್ತಿಯ ಮನೆಯಲ್ಲಿ, ಬಾಯಿ ಬಿಡುವ ಹಾಗಿಲ್ಲ. ಉಳಿದ ಹಿಟ್ಟನ್ನೆಲ್ಲ ಉಂಡೆ ಕಟ್ಟಿ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೇಳಿದಳು.

‘ಈ ಹುಣ್ಣಿಮೆಗೆ ನಮ್ಮನೆಗೆ ಬನ್ನಿ ಅಕ್ಕ. ಮುಂದಿನ ಬಾಗಿಲಿಂದ ಬೇಡ, ಹಿತ್ತಲಿಂದ ಬನ್ನಿ.’

ಮಾರನೆಯ ದಿನ ವಾಪಸ್ಸು ಬರುವಾಗ ಭದ್ರಾವತಿ ಇನ್ನೂ ದೂರವಿರುವಾಗಲೇ ಬಸ್ಸು ನಿಲ್ಲಿಸಿ ನನ್ನನ್ನೂ ಇಳಿಸಿಕೊಂಡು ಇಳಿದಳು. ನೀರಾವರಿ ಚಾನಲ್ ಪಕ್ಕದ ಗದ್ದೆಯಲ್ಲಿ ನಾಟಿ ನಡೆದಿತ್ತು. ಗುರುತು ಪರಿಚಯವಿಲ್ಲದ ಹೆಂಗಸರ ಹತ್ತಿರ ಹೋಗಿ ಒಂದು ಕಟ್ಟು ಸಸಿ ಕೊಡ್ತೀರಾ ಎಂದು ಕೇಳಿದಳು. ಅವರು ಯಾಕೆ ಎಂದೂ ಕೇಳಲಿಲ್ಲ, ಎರಡು ಕಟ್ಟು ಕೊಟ್ಟರು. ನಮ್ಮ ಬಚ್ಚಲ ನೀರು ಹರಿದುಹೋಗುವ ಹಿತ್ತಲಿನಲ್ಲಿ ಎರಡು ಚಾಪೆ ಹಾಸುವಷ್ಟು ಜಾಗವಿತ್ತು. ಅವ್ವ ಅದನ್ನು ಅಗೆದು, ತುಳಿದು, ಕೆಸರು ಮಾಡಿ ಅವತ್ತು ಸಂಜೆಯೇ ಸಸಿ ನೆಟ್ಟಳು. ಅಪ್ಪ ಶಿಫ್ಟು ಮುಗಿಸಿ ಬಂದು ನೋಡಿದ.

‘ಇದು ಕಾರ್ಖಾನೆ ಜಾಗ ಮಾರಾಯ್ತಿ.’

‘ಜಾಗ ಅವರದ್ದು ಇರ್ಲಿ. ನೀರು ನಮ್ದು, ಗೊಬ್ಬರ ನಮ್ದು, ಬೆವರು ನಮ್ದು. ಹೊಡೆಯಾದ್ಮೇಲೆ ಭೂಮ್ತಾಯಿ ಯಾರು ಉಣ್ಸಿದ್ರು ಅಂತ ನೋಡ್ತಾಳೆ, ಕಾಗದ ಪತ್ರ ನೋಡಲ್ಲ.’

ಅಂದಿನಿಂದ ಮನೆಯ ಕಾನೂನುಗಳೆಲ್ಲ ಆ ಎರಡು ಚಾಪೆ ಗದ್ದೆಯ ಸುತ್ತ ತಿರುಗಿದವು. ಸೋಪಿನ ನೀರು ಪೈರಿಗಾಗದು ಎಂದು ಬಚ್ಚಲಿನಿಂದ ಸೋಪು ಮಾಯವಾಯಿತು. ಎರಡು ತಿಂಗಳು ಎಲ್ಲರಿಗೂ ಕಡಲೆಹಿಟ್ಟು, ಸೀಗೆಪುಡಿ. ಮೈತುಂಬ ಗ್ರೀಸು ಮಾಡಿಕೊಂಡು ಬರುತ್ತಿದ್ದ ಅಪ್ಪ ಬಚ್ಚಲಿನಿಂದಲೇ ಕೂಗುತ್ತಿದ್ದ, ಇನ್ನೊಂದು ಸ್ವಲ್ಪ ಹಿಟ್ಟು ಹಚ್ಚಿದರೆ ನನ್ನನ್ನೇ ಬೋಂಡ ಕರಿಯಬಹುದು ಎಂದು. ಅವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೆ ಪೈರು ಕಾಯುವ ಕೆಲಸ. ಶಾಲೆಯಿಂದ ಬಂದವಳೇ ಬಚ್ಚಲ ಕಲ್ಲಿನ ಮೇಲೆ ಕೂತು ಕೋಳಿ, ಆಡು, ಅಕ್ಕಪಕ್ಕದ ಹುಡುಗರ ಚೆಂಡು ಯಾವುದೂ ಒಳಗೆ ಬರದಂತೆ ನೋಡಬೇಕು. ಸೆಲ್ವಿಯಕ್ಕನಿಗೆ ಇದೆಲ್ಲ ಏನು ಎಂದು ಮೊದಲು ಅರ್ಥವಾಗಲಿಲ್ಲ. ಅವ್ವ ಭೂಮಿಗೆ ಸೀಮಂತ ಎಂದಾಗ, ‘ಓ, ವಳೈಕಾಪ್ಪಾ?’ ಎಂದು ತಮ್ಮವರು ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ನೆನೆದು ತಲೆಯಾಡಿಸಿದವಳು, ಮಾರನೇ ದಿನವೇ ತಮ್ಮ ಮನೆಯ ಅಕ್ಕಿ ತೊಳೆದ ನೀರನ್ನೂ ತಂದು ನಮ್ಮ ಪೈರಿಗೆ ಹೊಯ್ಯತೊಡಗಿದಳು.

ಈಗ ನನ್ನ ಘನಕಾರ್ಯ ಹೇಳಬೇಕು. ಕ್ವಾರ್ಟರ್ಸಿನ ಗಣಪತಿ ಪೆಂಡಾಲಿನಲ್ಲಿ ಆ ವರ್ಷ ಗರಿಕೆಯ ಅರ್ಚನೆ ಇಟ್ಟಿದ್ದರು. ಹೆಚ್ಚು ಗರಿಕೆ ತಂದ ಮಕ್ಕಳಿಗೆ ಮಂಗಳಾರತಿಯ ಹೊತ್ತಿಗೆ ಜಾಗಟೆ ಬಾರಿಸಲು ಕೊಡುತ್ತೇವೆ ಎಂದರು. ಆ ಜಾಗಟೆಯ ಮೇಲೆ ನನಗೆ ಎರಡು ವರ್ಷದ ಆಸೆ. ಮೈದಾನದ ಗರಿಕೆಯನ್ನೆಲ್ಲ ಬೇರೆ ಮಕ್ಕಳು ಆಗಲೇ ಕಿತ್ತಾಗಿತ್ತು. ನಮ್ಮ ಹಿತ್ತಲಿನಲ್ಲಿ ಮಾತ್ರ ಹಸಿರು ಒತ್ತೊತ್ತಾಗಿ ತೊನೆಯುತ್ತಿತ್ತು. ಅದು ಅವ್ವನ ಭತ್ತ ಎಂದು ಗೊತ್ತಿತ್ತು. ಆದರೆ ಶೇಂಗಾದ ಹಾಗೆ ಭತ್ತವೂ ಮಣ್ಣಿನೊಳಗೆ ಬಿಡುತ್ತದೆ ಎಂದು ನಾನು ತಿಳಿದಿದ್ದೆ. ನಗಬೇಡಿ, ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ ಅಕ್ಕಿ ಕಂಡದ್ದು ರೇಷನ್ ಅಂಗಡಿಯ ಮೂಟೆಯಲ್ಲಿ. ಕೆಳಗೆ ಬೆಳೆಯುವುದಕ್ಕೆ ಮೇಲಿನ ತುದಿ ಕತ್ತರಿಸಿದರೆ ಏನು ನಷ್ಟ, ಕೂದಲು ಕತ್ತರಿಸಿದ ಹಾಗೆ ಅಷ್ಟೇ. ಅವ್ವನ ಕತ್ತರಿ ತಂದು ಗದ್ದೆಯ ಅರ್ಧ ಭಾಗವನ್ನು ಮಟ್ಟಸವಾಗಿ ಕ್ರಾಪು ಹೊಡೆದೆ.

ತಟ್ಟೆ ತುಂಬ ನನ್ನ ಗರಿಕೆ ನೋಡಿ ಪೆಂಡಾಲಿನವರು ಹಿಂದೆ ಮುಂದೆ ನೋಡದೆ ಜಾಗಟೆ ನನ್ನ ಕೈಗೆ ಕೊಟ್ಟರು. ಪೂಜೆಗೆ ಕೂತ ಭಟ್ಟರು ಒಂದು ಹಿಡಿ ಎತ್ತಿ ಗಣಪತಿಯ ತಲೆಯ ಮೇಲಿಟ್ಟವರು, ಇನ್ನೊಂದು ಹಿಡಿ ಎತ್ತಿ ಮೂಸಿ ನೋಡಿದರು.

‘ಇದು ಯಾರ ಗದ್ದೇದು ಮಗಾ?’

ನಾನು ಉತ್ತರ ಹೇಳುವ ಮೊದಲೇ ಹೆಂಗಸರ ಸಾಲಿನಲ್ಲಿ ನಿಂತಿದ್ದ ಅವ್ವ ಕಣ್ಣರಳಿಸಿ ಗಣಪತಿಯ ತಲೆ ನೋಡಿದಳು. ಅವಳ ಕೈಯಲ್ಲಿದ್ದ ಹೂವಿನ ತಟ್ಟೆ ಸ್ವಲ್ಪ ವಾಲಿತು. ನಾನು ಜಾಗಟೆ ಬಾರಿಸಿದೆನೇ ಹೊರತು ಅದರ ಸದ್ದು ನನ್ನ ಕಿವಿಗೆ ಬೀಳಲಿಲ್ಲ. ಮನೆಗೆ ಬಂದು ಹಿತ್ತಲಿನಲ್ಲಿ ಬಗ್ಗಿ ನೋಡಿದ ಅಪ್ಪ, ‘ಬೇಲಿನೇ ಎದ್ದು ಹೊಲ ಮೇಯ್ತಲ್ಲೇ’ ಎಂದು ಹಣೆ ಹಣೆ ಬಡಿದುಕೊಂಡ. ನಾನು ಅಳಲು ಶುರುಮಾಡಿದೆ. ಅವ್ವ ಕೆಸರಿಗಿಳಿದು ಕುಕ್ಕರಗಾಲಲ್ಲಿ ಕೂತಳು. ಹೊಡೆತ ಬೀಳುತ್ತದೆ ಎಂದು ಬೆನ್ನು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಕತ್ತರಿಸಿದ ಬುಡವೊಂದನ್ನು ಬೆರಳಲ್ಲಿ ಬಿಡಿಸಿ ನೋಡಿ ಹೇಳಿದಳು.

‘ಸುಳಿ ಉಳ್ದೈತೆ. ದನ ಮೇಯ್ದ ಪೈರೂ ಚಿಗುರ್ತದೆ. ತಡ ಆಗ್ತದೆ ಅಷ್ಟೇ. ಹುಣ್ಣಿಮೆಗೆ ಈ ಅರ್ಧ ಬಿಟ್ಬಿಡು, ಆ ಅರ್ಧ ಸಾಕು.’

ಆಮೇಲೆ ನನ್ನ ಕಡೆ ತಿರುಗಿ, ಭತ್ತ ಎಲ್ಲಿ ಬಿಡುತ್ತದೆ, ಹೊಡೆ ಅಂದರೇನು, ದಂಟನ್ನು ಎರಡು ಬೆರಳಲ್ಲಿ ಹೇಗೆ ಒತ್ತಿ ನೋಡಬೇಕು ಎಲ್ಲವನ್ನೂ ಹೇಳಿಕೊಟ್ಟಳು. ನಾನು ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದೆ. ಅಷ್ಟು ಚೆನ್ನಾಗಿ ಪಾಠ ಮಾಡಲು ನನಗೆ ಯಾವತ್ತೂ ಬರಲಿಲ್ಲ. ಮಾರನೆಯ ದಿನ ಅಪ್ಪ ಮುಳ್ಳಿನ ಕೊಂಬೆ ತಂದು ಕತ್ತರಿಸಿದ ಅರ್ಧಕ್ಕೆ ಬಿಗಿಯಾಗಿ ಬೇಲಿ ಹಾಕಿದ, ಎಳೆ ಚಿಗುರಿಗೆ ಯಾವುದೂ ಬಾಯಿ ಹಾಕದಿರಲಿ ಎಂದು. ಚೆನ್ನಾಗಿದ್ದ ಅರ್ಧಕ್ಕೆ ಮುಳ್ಳು ಸಾಲಲಿಲ್ಲ. ಅದಕ್ಕೆ ನೀನೇ ಕಾವಲಲ್ಲವೇ ಎಂದರು ಇಬ್ಬರೂ ನನಗೆ.

ನವರಾತ್ರಿ ಬಂತು. ಅವ್ವ ಸಂತೆಯಿಂದ ಬಿದಿರಿನ ಬುಟ್ಟಿ ತಂದು, ಸಗಣಿ ಸಾರಿಸಿ ಒಣಗಿಸಿ, ಕೆಮ್ಮಣ್ಣು ಬಳಿದು, ದಿನಕ್ಕೆ ಒಂದು ಸಾಲಿನಂತೆ ಒಂಬತ್ತು ದಿನ ಬಿಳಿ ಗೆರೆ ಎಳೆದಳು. ಏಣಿ, ಪೈರು, ಹಕ್ಕಿ. ಒಂದು ಮೂಲೆಯಲ್ಲಿ ಹೊಗೆ ಬಿಡುವ ಕಾರ್ಖಾನೆಯ ಕೊಳವೆಯನ್ನೂ ಬರೆದಳು. ಅದ್ಯಾಕೆ ಎಂದರೆ, ‘ಅದೂ ಅನ್ನ ಹಾಕ್ತದಲ್ಲ’ ಎಂದಳು. ವಿಜಯದಶಮಿಯ ಸಂಜೆ ನಾವು ಬೀಗ ಹಾಕಿ ಬನ್ನಿ ಕೊಡಲು ಹೊರಟೆವು. ಬೀದಿಯಲ್ಲಿ ತಿರುಗಾಡಿಕೊಂಡಿದ್ದ ಕೆಂದ ಹಸುವೊಂದಕ್ಕೆ ಅವ್ವ ಪ್ರತಿ ಶುಕ್ರವಾರ ಮತ್ತು ಹಬ್ಬದ ದಿನ ಅರಿಶಿನ ಕುಂಕುಮ ಹಚ್ಚಿ ಅಕ್ಕಿ ಬೆಲ್ಲ ತಿನ್ನಿಸುತ್ತಿದ್ದಳು. ಅವತ್ತು ಹಬ್ಬ, ಬೆಳಿಗ್ಗೆ ತಿಂದು ಹೋದ ಹಸು ಸಂಜೆಯೂ ಬಂದಿದೆ. ಮುಂದಿನ ಬಾಗಿಲಲ್ಲಿ ಬೀಗ. ಹಿತ್ತಲಿಗೆ ಸುತ್ತಿ ಹೋಗಿದೆ. ನಾವು ಬರುವ ಹೊತ್ತಿಗೆ ಒಳ್ಳೆಯ ಅರ್ಧದಲ್ಲಿ ಬುಡದ ಮೋಟು ಕೂಡ ಉಳಿಯದಂತೆ ಮೇಯ್ದು, ಹಣೆಯಲ್ಲಿ ಅವ್ವ ಬೆಳಿಗ್ಗೆ ಇಟ್ಟ ಕುಂಕುಮದ ಸಮೇತ ನೆಮ್ಮದಿಯಿಂದ ಮೆಲುಕು ಹಾಕುತ್ತಿತ್ತು.

ಅಪ್ಪ ಕೋಲು ಎತ್ತಿಕೊಂಡ. ಅವ್ವ ತಡೆದಳು. ನನ್ನನ್ನು ನೋಡಿ, ಅಳು ನಗು ಎರಡೂ ಸೇರಿದ ದನಿಯಲ್ಲಿ ಹೇಳಿದಳು.

‘ನೀನು ಗಣಪತಿಗೆ ಕೊಟ್ಟೆ, ನಾನು ಗೋಮಾತೆಗೆ ಕೊಟ್ಟೆ. ಭೂಮ್ತಾಯಿಗೆ ಏನ್ ಉಳೀತು ನೋಡಣ ಬಾ.’

ಉಳಿದದ್ದು ಮುಳ್ಳುಬೇಲಿಯೊಳಗೆ ನಾನು ಕ್ರಾಪು ಹೊಡೆದಿದ್ದ ಅರ್ಧ. ಚಿಗುರಿ ಮೊಣಕಾಲೆತ್ತರ ಬಂದಿತ್ತು. ಹುಣ್ಣಿಮೆಗೆ ಐದು ದಿನ. ಆ ಐದು ದಿನವೂ ಬೆಳಿಗ್ಗೆ ಎದ್ದ ಕೂಡಲೆ, ಮುಖ ತೊಳೆಯುವುದಕ್ಕೂ ಮೊದಲು ನಾವಿಬ್ಬರೂ ಹೋಗಿ ದಂಟು ಒತ್ತಿ ನೋಡುತ್ತಿದ್ದೆವು. ಚಪ್ಪಟೆ. ಎಲ್ಲವೂ ಚಪ್ಪಟೆ. ಬಸಿರಿಲ್ಲದವಳಿಗೆ ಸೀಮಂತ ಮಾಡುವುದು ಹೇಗೆ? ಹಬ್ಬ ಬಿಡೋಣವೇ ಎಂದು ಅಪ್ಪ ಮೆಲ್ಲಗೆ ಕೇಳಿದ. ಅವ್ವ ಕೇಳಿಸಿಕೊಳ್ಳದವಳಂತೆ ಹೋಳಿಗೆಗೆ ಬೇಳೆ ನೆನೆಹಾಕಿದಳು. ಹಿಂದಿನ ದಿನ ನಾನು, ಅವ್ವ, ಸೆಲ್ವಿಯಕ್ಕ ಸೇರಿ ಕುಡಿ ಆಯಲು ಹೊರಟೆವು. ಹೊನಗೊನೆ, ಒಂದೆಲಗ, ಗಣಿಕೆ, ಚಗಟೆ, ರೈಲ್ವೆ ಹಳಿಯ ಪಕ್ಕದಲ್ಲಿ ಹೆಸರೇ ಗೊತ್ತಿಲ್ಲದ ಏಳೆಂಟು. ಸೆಲ್ವಿಯಕ್ಕ ತಮ್ಮ ಮನೆಯ ನುಗ್ಗೆ, ಅಗಸೆ ಕೊಟ್ಟಳು. ಎಷ್ಟು ಎಣಿಸಿದರೂ ತೊಂಬತ್ತೆಂಟಕ್ಕೆ ನಿಂತಿತು. ಕೊನೆಗೆ ಅವ್ವ ನಮ್ಮ ತುಳಸಿ ಕಟ್ಟೆಯಿಂದ ಒಂದು ಕುಡಿ, ದೇವರ ಮೇಲಿನ ಬಿಲ್ವದಿಂದ ಒಂದು ಕುಡಿ ಸೇರಿಸಿದಳು. ನೂರೊಂದನೆಯದಕ್ಕೆ ನನ್ನನ್ನು ಮೈದಾನಕ್ಕೆ ಕಳಿಸಿದಳು. ಅಲ್ಲಿ ಮತ್ತೆ ಚಿಗುರಿದ್ದ ಗರಿಕೆ ತಂದೆ, ಈ ಸಲ ನಿಜವಾದದ್ದು.

ಹುಣ್ಣಿಮೆಯ ದಿನ ಇನ್ನೂ ಮಬ್ಬು ಇರುವಾಗಲೇ ಹಿತ್ತಲಿನಲ್ಲಿ ಹೆಜ್ಜೆ ಸದ್ದಾಯಿತು. ಶಿವಮೊಗ್ಗದಿಂದ ಮೊದಲ ಬಸ್ಸು ಹಿಡಿದು ದೊಡ್ಡಮ್ಮ ಬಂದಿದ್ದಳು, ಹೇಳಿದ ಹಾಗೆ ಹಿತ್ತಲಿನಿಂದಲೇ. ಅವ್ವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅಡುಗೆಮನೆಯಿಂದ ಹೊರಗೆ ಬಂದವಳು ಅಲ್ಲೇ ನಿಂತಳು. ಆರು ಹೆಜ್ಜೆಯ ದಾರಿ, ಆದರೂ ತಲೆಯ ಮೇಲೇ ಹೊತ್ತಿದ್ದಳು. ದೊಡ್ಡಮ್ಮ ಬುಟ್ಟಿ ನೋಡಿದಳು, ಮೇಯ್ದ ಅರ್ಧ ನೋಡಿದಳು, ಮುಳ್ಳಿನೊಳಗಿನ ಕುಳ್ಳ ಪೈರು ನೋಡಿದಳು.

‘ಹೊಡೆ ಆಗೈತಾ?’

ಅವ್ವ ಸುಳ್ಳು ಹೇಳುವವಳಲ್ಲ.

‘ನಿನ್ನೆವರೆಗೆ ಆಗಿರಲಿಲ್ಲ ಅಕ್ಕ. ಇವತ್ತು ಇನ್ನೂ ಮುಟ್ಟಿ ನೋಡಿಲ್ಲ.’

ಇಲ್ಲ ಎಂದಾದರೆ ತಪ್ಪು ನನ್ನದು, ಅವಮಾನ ಅವ್ವನದು. ದೊಡ್ಡಮ್ಮ ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಕಟ್ಟಿ, ಮಂಡಿನೋವಿಗೆ ಅಯ್ಯಪ್ಪಾ ಎನ್ನುತ್ತ ನಮ್ಮ ಬಚ್ಚಲ ಕೆಸರಿಗೆ ಇಳಿದಳು. ಎಷ್ಟು ವರ್ಷವಾಗಿತ್ತೋ ಅವಳು ಕೆಸರು ತುಳಿದು. ಮೊದಲ ಬುಡದ ದಂಟುಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಒತ್ತಿದಳು, ಬಿಟ್ಟಳು. ಎರಡನೆಯದು, ಬಿಟ್ಟಳು. ಮೂರನೆಯದು, ಬಿಟ್ಟಳು. ಅಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದ. ಬಚ್ಚಲ ಬಾಯಿಯ ಪಕ್ಕದ ಬುಡಕ್ಕೆ ಬಂದಾಗ ಅವಳ ಬೆರಳು ನಿಂತಿತು. ಮತ್ತೊಮ್ಮೆ ಒತ್ತಿದಳು.

‘ಕೂಸೇ, ಇಲ್ಲಿ ಬಾ. ಕೈ ಕೊಡು.’

ನನ್ನ ಬೆರಳನ್ನು ಹಿಡಿದು ಆ ದಂಟಿನ ಮೇಲಿಟ್ಟಳು. ದುಂಡಗಿತ್ತು. ಒಳಗೆ ಏನೋ ಮೆತ್ತಗೆ, ತುಂಬಿಕೊಂಡು, ಬೆರಳಿಗೆ ಎದುರು ಒತ್ತುತ್ತಿತ್ತು. ಇವತ್ತಿಗೂ ನನ್ನ ಬೆರಳಿಗೆ ಅದು ನೆನಪಿದೆ. ನಾನು ಅವ್ವನ ಮುಖ ನೋಡಿದೆ, ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

‘ಒಂದೇನಾ ಅಕ್ಕ?’

‘ಒಂದು ಸಾಕು ಕಣೆ. ಚೊಚ್ಚಲ ಬಸುರಿ, ಒಂದೇ ಇರ್ತದೆ.’

ಅವ್ವ ಬುಟ್ಟಿ ಇಳಿಸಿ, ಕಣ್ಣೊರೆಸಿಕೊಂಡು, ಕೊರಳಿನ ತಾಳಿಸರ ತೆಗೆದು ಆ ಬುಡಕ್ಕೆ ಸುತ್ತಿದಳು. ಅದನ್ನು ನೋಡುತ್ತ ನಿಂತ ದೊಡ್ಡಮ್ಮ ತನ್ನ ಕೊರಳಿಗೂ ಕೈಹಾಕಿದಳು. ಮೊಣಕಾಲೆತ್ತರದ ನಮ್ಮ ಪೈರಿಗೆ ಎರಡು ತಾಳಿ. ಭಾರಕ್ಕೆ ವಾಲಿತೆಂದು ಸೆಲ್ವಿಯಕ್ಕ ಓಡಿಹೋಗಿ ಒಂದು ಕಡ್ಡಿ ತಂದು ಆನಿಸಿ ನಿಲ್ಲಿಸಿದಳು, ತಾನು ತಂದಿದ್ದ ಹಸಿರು ಬಳೆಗಳನ್ನೂ ಅದೇ ಕಡ್ಡಿಗೆ ತೊಡಿಸಿದಳು. ಪೂಜೆಯಾಯಿತು. ಅವ್ವ ಬೆರಕೆ ಸೊಪ್ಪನ್ನು ಮುಷ್ಟಿಯಲ್ಲಿ ತೆಗೆದು ನಾಲ್ಕೂ ದಿಕ್ಕಿಗೆ ಎರಚುತ್ತ ಭೂಮ್ತಾಯಿಯನ್ನು ಉಣ್ಣಲು ಕೂಗಿ ಕರೆದಳು. ಕೂಗಿಗೆ ಗದ್ದೆಯಲ್ಲಾದರೆ ಅಕ್ಕಪಕ್ಕದ ಗದ್ದೆಯವರು ಓಗೊಡುತ್ತಾರೆ. ಇಲ್ಲಿ ಯಾರು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಫಸ್ಟ್ ಶಿಫ್ಟಿನ ಸೈರನ್ ಕೂಗಿತು. ಎಲ್ಲರೂ ನಕ್ಕೆವು. ಅಪ್ಪ ಅವತ್ತು ಶಿಫ್ಟಿಗೆ ತಡವಾಗಿ ಹೋದ, ಹೊಟ್ಟೆ ತುಂಬ ಹೋಳಿಗೆ ತಿಂದು.

ಹಬ್ಬದ ಕೊನೆಯ ಕೆಲಸ ಒಂದಿರುತ್ತದೆ. ಎಡೆಯ ಒಂದು ಕಡುಬನ್ನು ಆ ನೆಲದಲ್ಲೇ ಹೂಳಬೇಕು, ಭೂಮಿಯ ಪಾಲು ಎಂದು. ಮನೆಯ ಹಿರಿಯ ಹೆಂಗಸು ಹೂಳುವುದು ಪದ್ಧತಿ. ಅವ್ವ ಬಾಳೆಲೆಯಲ್ಲಿ ಕಡುಬು ಸುತ್ತಿ ದೊಡ್ಡಮ್ಮನ ಕೈಗೆ ಕೊಟ್ಟಳು. ದೊಡ್ಡಮ್ಮ ಮತ್ತೆ ಕೆಸರಿನಲ್ಲಿ ಕೂತು, ಕಡುಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆಯೆತ್ತಿ ಕೇಳಿದಳು.

‘ನಿನ್ನ ನೆಲದಲ್ಲಿ ಎಲ್ಲಿ ಹೂಳ್ಲಿ ಸಾವಿತ್ರಿ?’

ಅವ್ವ ಬಚ್ಚಲ ಕಲ್ಲಿನ ಪಕ್ಕದ ಜಾಗ ತೋರಿಸಿದಳು.